ಗ್ರಂಥಾಲಯದ ಗೋಡೆಯ ಮೇಲೆ ಕುವೆಂಪು ಕಾದಂಬರಿಗಳ ಮಲೆನಾಡು: ಮಳೆಗೆ ನಿಲ್ಲುವ ಭಿತ್ತಿಚಿತ್ರ ಮಾಡುವುದು ಹೇಗೆ?

ತುಂಗಾತೀರ (ಪ್ರಶ್ನೆ):

ಶಿವಮೊಗ್ಗದ ಒಂದು ಗ್ರಂಥಾಲಯದ ಕಾಂಪೌಂಡ್ ಗೋಡೆಯ ಮೇಲೆ ಕುವೆಂಪು ಅವರ ನೆನಪಿಗೆ ದೊಡ್ಡ ಚಿತ್ರ ಬರೆಸುವ ಯೋಚನೆ ಇದೆ. ಈ ಊರಲ್ಲಿ ಅವರ ಹೆಸರಿನ ರಂಗಮಂದಿರ ಇದೆ, ಜಿಲ್ಲೆಯಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಇದೆ. ಅಲ್ಲೆಲ್ಲ ನೆನಪಾಗುವುದು ರಾಷ್ಟ್ರಕವಿ. ಈ ಗೋಡೆಯಲ್ಲಿ ಬೇಕಿರುವುದು ಕಾದಂಬರಿಕಾರ ಕುವೆಂಪು. ಅಂದರೆ 1936ರ ‘ಕಾನೂರು ಹೆಗ್ಗಡಿತಿ’ ಮತ್ತು 1967ರ ‘ಮಲೆಗಳಲ್ಲಿ ಮದುಮಗಳು’.

ಗೋಡೆ 40 ಅಡಿ ಉದ್ದ, 10 ಅಡಿ ಎತ್ತರ, ಪಶ್ಚಿಮಕ್ಕೆ ಮುಖ. ಇಟ್ಟಿಗೆ ಕಟ್ಟಡ, ಸಿಮೆಂಟ್ ಗಾರೆ. ಮೇಲೆ ಹಳೇ ಸುಣ್ಣ, ಅದರ ಮೇಲೆ ಡಿಸ್ಟೆಂಪರ್. ಕೆಳಗಿನ ಎರಡು ಅಡಿ ಪೂರ್ತಿ ಪಾಚಿ. ಮುಂದೆ ಫುಟ್‌ಪಾತ್, ಆಮೇಲೆ ರಸ್ತೆ.

ಗೋಡೆಯನ್ನು ಹೇಗೆ ತಯಾರು ಮಾಡಬೇಕು? ಯಾವ ಬಣ್ಣ, ಎಷ್ಟು ಲೀಟರ್? ‘ಮದುಮಗಳು’ ಮುನ್ನುಡಿಯ ಆರಂಭದ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಬಹುದೇ? ಇನ್ನು ಕೆಲವರು ಚಿತ್ರದ ಬದಲು ಸರ್ಕಲ್‌ನಲ್ಲಿ ಪ್ರತಿಮೆ ಇಡೋಣ ಅನ್ನುತ್ತಿದ್ದಾರೆ. ಅದರ ಬಗ್ಗೆಯೂ ತಿಳಿದವರು ಹೇಳಿ.

ಸುಣ್ಣಗಾರೆ:

ಬಣ್ಣದ ಮಾತು ಆಮೇಲೆ. ಶಿವಮೊಗ್ಗದಂಥ ಊರಲ್ಲಿ ಭಿತ್ತಿಚಿತ್ರ ಹಾಳಾಗುವುದು ಮುಂದಿನಿಂದ ಹೊಡೆಯುವ ಮಳೆಯಿಂದ ಕಡಿಮೆ, ಗೋಡೆಯ ಒಳಗಿನಿಂದ ಬರುವ ನೀರಿನಿಂದ ಹೆಚ್ಚು. ಒಳಗೆ ತೇವ ಇದ್ದರೆ ಎಷ್ಟೇ ದುಬಾರಿ ಬಣ್ಣವಾದರೂ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚುತ್ತದೆ.

ಮೊದಲು ಗೋಡೆಯ ನೆತ್ತಿ ನೋಡಿ. ಕಾಂಪೌಂಡ್ ಗೋಡೆಗೆ ಮೇಲಿನಿಂದಲೇ ನೀರು ಇಳಿಯುತ್ತದೆ. ನೆತ್ತಿಗೆ ಕೋಪಿಂಗ್, ಅಂದರೆ ನೀರು ಇಳಿಯದಂತೆ ಮುಚ್ಚುವ ಹೊದಿಕೆ, ಇಲ್ಲದಿದ್ದರೆ ಹಾಕಿಸಿ. ಚಪ್ಪಡಿ ಕಲ್ಲಾದರೂ ಸರಿ, ಕಾಂಕ್ರೀಟಾದರೂ ಸರಿ. ಎರಡೂ ಬದಿ 2 ಇಂಚು ಹೊರಚಾಚಿರಬೇಕು, ಇಳಿಜಾರು ಚಿತ್ರದ ಬದಿಗಲ್ಲ, ಒಳಗಿನ ಬದಿಗೆ ಇರಬೇಕು. ಚಾಚಿದ ಭಾಗದ ಅಡಿಯಲ್ಲಿ ಅರ್ಧ ಇಂಚಿನ ಗಾಡಿ, ಅಂದರೆ ಉದ್ದಕ್ಕೂ ಸಣ್ಣ ತೋಡು, ಕೊರೆಸಿ. ಅದಿಲ್ಲದಿದ್ದರೆ ನೀರು ಅಡಿಯಲ್ಲೇ ಹರಿದು ಬಂದು ಚಿತ್ರದ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಎಲ್ಲ ಕಡೆ ಕಾಣುವ ಆ ಉದ್ದುದ್ದ ಕಪ್ಪು ಗೆರೆಗಳಿಗೆ ಕಾರಣ ಈ ಅರ್ಧ ಇಂಚು ಇಲ್ಲದಿರುವುದೇ.

ಎರಡನೆಯದು ಡಿಸ್ಟೆಂಪರ್. ಪೂರ್ತಿ ಕೆರೆದು ತೆಗೆಯಲೇಬೇಕು, ಅರ್ಧಂಬರ್ಧ ನಡೆಯುವುದಿಲ್ಲ. ಅದು ಕೈಗೆ ಪುಡಿ ಹತ್ತುವ ಪದರ. ಅದರ ಮೇಲೆ ಪ್ರೈಮರ್ ಹೊಡೆದರೆ ಪ್ರೈಮರ್ ಹಿಡಿದುಕೊಳ್ಳುವುದು ಪುಡಿಯನ್ನೇ, ಗಾರೆಯನ್ನಲ್ಲ. ಸುಣ್ಣದ ಪದರಕ್ಕೂ ಇದೇ ಮಾತು. ಕೆರೆದು ತೊಳೆದು ಒಣಗಿದ ಮೇಲೆ ಅಗಲದ ಟೇಪ್ ಅಂಟಿಸಿ ಜೋರಾಗಿ ಕೀಳಿ. ಟೇಪಿನ ಹಿಂದೆ ಬಿಳಿ ಪುಡಿ ಬಂದರೆ ಇನ್ನೂ ಕೆರೆಯಬೇಕು.

ಸುತ್ತಿಗೆಯ ಹಿಡಿಯಿಂದ ಒಂದೊಂದು ಅಡಿಗೂ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಕಿತ್ತು 1:5 ಸಿಮೆಂಟ್ ಗಾರೆ ಹಾಕಿಸಿ, ನೀರುಣಿಸಿ, 28 ದಿನ ಬಿಡಿ. ಹೊಸ ಗಾರೆಯ ಕ್ಷಾರ ಬಣ್ಣವನ್ನು ಸುಡುತ್ತದೆ. ನೀರು ಸವರಿ ಪಿಎಚ್ ಕಾಗದ ಒತ್ತಿ ನೋಡಿದರೆ ಹೊಸದರಲ್ಲಿ 12ರ ಮೇಲೆ ತೋರಿಸುತ್ತದೆ. 10ಕ್ಕಿಂತ ಕೆಳಗೆ ಬಂದ ಮೇಲೆ ಪ್ರೈಮರ್.

ಪಾಚಿಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲು, ನೀರು ಮೂರು ಪಾಲು. ಬ್ರಷ್‌ನಲ್ಲಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಇದರ ಜೊತೆ ಆ್ಯಸಿಡ್ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಪಾಚಿಯನ್ನು ಬರೀ ಕೆರೆದು ಬಿಟ್ಟರೆ ಬೇರು ಗಾರೆಯ ರಂಧ್ರದಲ್ಲೇ ಉಳಿದು ಮುಂದಿನ ಮಳೆಗಾಲದಲ್ಲಿ ಬಣ್ಣ ಸೀಳಿಕೊಂಡು ಬರುತ್ತದೆ. ಬಿಳಿ ಉಪ್ಪು ಬಿಟ್ಟಿದ್ದರೆ ಮಾತ್ರ ನೀರು ಹಾಕಬೇಡಿ, ಒಣ ಬ್ರಷ್‌ನಲ್ಲಿ ಉದುರಿಸಿ. ನೀರು ಹಾಕಿದರೆ ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತದೆ.

ಕೊನೆಗೆ ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಬಿಗಿಯಾಗಿ ಅಂಟಿಸಿ, ಬಿಸಿಲು ನೇರ ಬೀಳದಂತೆ 16 ಗಂಟೆ ಬಿಡಿ. ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ ಹನಿ ನಿಂತಿದ್ದರೆ, ಇಲ್ಲವೇ ಅಲ್ಲಿ ಗೋಡೆ ಕಪ್ಪಾಗಿದ್ದರೆ, ಬಣ್ಣ ಹಚ್ಚುವ ಕಾಲ ಬಂದಿಲ್ಲ. ಕೆಳಗೊಂದು, ನಡುವೆ ಒಂದು, ಮೇಲೊಂದು, ಹೀಗೆ ಮೂರು ಕಡೆ ಮಾಡಿ.

ಇನ್ನೊಂದು ಮಾತು. ನುಣುಪು ಬೇಕೆಂದು ಇಡೀ ಗೋಡೆಗೆ ಪುಟ್ಟಿ ಬಳಿಸಬೇಡಿ. ಹೊರಗೋಡೆಯಲ್ಲಿ ಪುಟ್ಟಿ ನೀರು ಕುಡಿದು ಬಣ್ಣದ ಸಮೇತ ಕಳಚುತ್ತದೆ. ಬಿರುಕನ್ನು ವಿ ಆಕಾರಕ್ಕೆ ಬಿಡಿಸಿ ಹೊರಗೋಡೆಯ ಅಕ್ರಿಲಿಕ್ ಫಿಲ್ಲರ್ ತುಂಬಿದರೆ ಸಾಕು. ಗಾರೆಯ ಸ್ವಲ್ಪ ಒರಟುತನ ಬಣ್ಣಕ್ಕೆ ಒಳ್ಳೆಯದೇ.

ಕುಂಚಕಾವಿ:

ಸುಣ್ಣಗಾರೆ ಅವರು ಹೇಳಿದ್ದೆಲ್ಲ ಮುಗಿದ ಮೇಲಿನದು ನನ್ನ ಉತ್ತರ.

40 × 10 ಅಂದರೆ 400 ಚದರಡಿ. ಕ್ಷಾರ ತಡೆಯುವ ಹೊರಗೋಡೆ ಪ್ರೈಮರ್ ಒಂದು ಕೋಟ್‌ಗೆ 4 ಲೀಟರ್. ತಳಬಣ್ಣಕ್ಕೆ ಪೂರ್ಣ ಅಕ್ರಿಲಿಕ್ ಹೊರಗೋಡೆ ಎಮಲ್ಷನ್ ಎರಡು ಕೋಟ್, ಲೀಟರಿಗೆ 50ರಿಂದ 60 ಚದರಡಿ ಲೆಕ್ಕದಲ್ಲಿ 8 ಲೀಟರ್. ಒರಟು ಗಾರೆಯಾದರೆ 10 ಇಟ್ಟುಕೊಳ್ಳಿ. ಚಿತ್ರದ ಬಣ್ಣಗಳು ಎಲ್ಲ ಸೇರಿ 12ರಿಂದ 15 ಲೀಟರ್. ಅದರಲ್ಲಿ ಅರ್ಧದಷ್ಟು ಹಸಿರು ಮತ್ತು ಕಂದು, ವಿಷಯ ಮಲೆನಾಡಾದ್ದರಿಂದ. ಎನಾಮಲ್ ಬಣ್ಣದ ಹತ್ತಿರ ಹೋಗಬೇಡಿ. ಅದು ಗೋಡೆಯ ಉಸಿರು ಕಟ್ಟಿಸುತ್ತದೆ, ಗಾರೆಯ ಕ್ಷಾರ ಅದರ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ.

ಪಶ್ಚಿಮದ ಬಿಸಿಲಿಗೆ ಎಲ್ಲ ಬಣ್ಣವೂ ಒಂದೇ ರೀತಿ ನಿಲ್ಲುವುದಿಲ್ಲ. ಬಣ್ಣಕ್ಕೆ ಬೆರೆಸುವ ಸಣ್ಣ ಬಾಟಲಿಯ ಸ್ಟೇನರ್‌ಗಳಲ್ಲಿ ಗುಲಾಬಿ, ನೇರಳೆ, ಉಜ್ವಲ ಕೆಂಪು, ನಿಂಬೆ ಹಳದಿ ಇವೆಲ್ಲ ಮೊದಲು ಹೋಗುವವು. ನಿಲ್ಲುವುದು ಮಣ್ಣಿನ ಬಣ್ಣಗಳು: ಕೆಮ್ಮಣ್ಣು ಅಂದರೆ ರೆಡ್ ಆಕ್ಸೈಡ್ (ವರ್ಣದ್ರವ್ಯದ ಸಂಕೇತ ಪಿಆರ್ 101), ಹಳದಿ ಆಕ್ಸೈಡ್ (ಪಿವೈ 42), ಕ್ರೋಮಿಯಂ ಆಕ್ಸೈಡ್ ಹಸಿರು (ಪಿಜಿ 17), ಕಾರ್ಬನ್ ಕಪ್ಪು, ಟೈಟೇನಿಯಂ ಬಿಳಿ. ನೀಲಿಗೆ ಥ್ಯಾಲೊ ನೀಲಿ (ಪಿಬಿ 15) ಸರಿ. ಪ್ರಷ್ಯನ್ ನೀಲಿ ಬೇಡವೇ ಬೇಡ, ಸಿಮೆಂಟಿನ ಕ್ಷಾರಕ್ಕೆ ಅದು ಕಂದಾಗುತ್ತದೆ. ಡಬ್ಬಿಯ ಮೇಲಿನ ಚಂದದ ಹೆಸರು ನಂಬದೆ ಈ ಸಂಕೇತಗಳನ್ನು ನೋಡಿ ಕೊಳ್ಳಿ. ಸ್ಟೇನರ್ ಬಳಸುವುದೇ ಆದರೆ ಲೀಟರಿಗೆ 30ರಿಂದ 40 ಮಿಲಿ ದಾಟಬೇಡಿ. ಜಾಸ್ತಿಯಾದರೆ ಪದರ ಮೆತ್ತಗೆ ಉಳಿದು ಮಳೆಗೆ ಬಣ್ಣ ಇಳಿಯುತ್ತದೆ. ಕಡು ಬಣ್ಣ ಬೇಕಾದ ಕಡೆ ಬಿಳಿ ಬೇಸ್‌ಗೆ ಸ್ಟೇನರ್ ಸುರಿಯುವುದಲ್ಲ, ಅಂಗಡಿಯಲ್ಲಿ ಡೀಪ್ ಬೇಸ್‌ನಲ್ಲೇ ಮಿಶ್ರಣ ಮಾಡಿಸಬೇಕು.

ಮೂಲಚಿತ್ರ 1 ಇಂಚಿಗೆ 1 ಅಡಿ ಲೆಕ್ಕದಲ್ಲಿ 40 × 10 ಇಂಚಿನ ಹಾಳೆಯಲ್ಲಿ ಬರಲಿ. ಗೋಡೆಗೆ ಒಂದಡಿ ಚೌಕಗಳನ್ನು ಎಳೆದು ಇಳಿಸಿ. ಪ್ರೊಜೆಕ್ಟರ್ ಸುಲಭ ಅನಿಸುತ್ತದೆ, ಆದರೆ ನಿಮ್ಮ ಗೋಡೆಗೆ ಅದನ್ನು ರಸ್ತೆಯ ಮಧ್ಯೆ ಇಡಬೇಕಾಗುತ್ತದೆ, ಪಕ್ಕಕ್ಕೆ ಸರಿಸಿದರೆ ಮುಖ ಓರೆಯಾಗುತ್ತದೆ. ಗೆರೆ ಹೊಡೆಯುವ ದಾರಕ್ಕೆ ನೀಲಿ ಪುಡಿ ಹಾಕಿ. ಕೆಂಪು ಪುಡಿಯ ಗೆರೆ ಒರೆಸಿದರೂ ಹೋಗದೆ ತಿಳಿಬಣ್ಣದ ಅಡಿಯಿಂದ ಇಣುಕುತ್ತದೆ. ಮುಖ, ಕೈಬೆರಳು ಇಂಥ ಕಡೆ ಮಾತ್ರ ಖಾಕೆ ಮಾಡಿಕೊಳ್ಳಿ: ಪೂರ್ಣ ಅಳತೆಯ ಕಾಗದದಲ್ಲಿ ಬರೆದು, ಗೆರೆಯ ಮೇಲೆ ಸೂಜಿಯಲ್ಲಿ ಚುಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟುವುದು. ಮೈಸೂರು ಚಿತ್ರಕಾರರು ಇಂದಿಗೂ ಬಳಸುವ ಪದ್ಧತಿ ಇದು. ಮುಖದ ಹೋಲಿಕೆಗೆ ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ.

ಕೆಲಸ ನವೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಮುಟ್ಟಬೇಡಿ, ಸಂಜೆ 4ಕ್ಕೆ ನಿಲ್ಲಿಸಿ. ಪಶ್ಚಿಮದ ಗೋಡೆ ಮಧ್ಯಾಹ್ನದ ಮೇಲೆ ಕಾಯುತ್ತದೆ, ಬಿಸಿ ಗೋಡೆಯಲ್ಲಿ ಬ್ರಷ್ ಎಳೆದಲ್ಲೇ ಬಣ್ಣ ಒಣಗಿ ಗೀರು ಬೀಳುತ್ತದೆ. ಆ ಹೊತ್ತಿಗೆ ಸ್ಕ್ಯಾಫೋಲ್ಡಿಂಗ್‌ಗೆ ಹಸಿರು ನೆರಳು ಪರದೆ ಕಟ್ಟಿ. ಇಬ್ಬರು ಕಲಾವಿದರು, ಇಬ್ಬರು ಸಹಾಯಕರು ಇದ್ದರೆ ಚಿತ್ರಕ್ಕೆ 12ರಿಂದ 15 ದಿನ. ಗೋಡೆ ತಯಾರಿಯ ದಿನಗಳು ಬೇರೆ.

ಕೆಳಗಿನ ಎರಡು ಅಡಿಯಲ್ಲಿ ಚಿತ್ರವೇ ಬೇಡ. ಮಳೆಗೆ ಕೆಂಪು ಮಣ್ಣು ಎರಚುವ ಜಾಗ ಅದು. ಅಲ್ಲಿ ಜಂಬಿಟ್ಟಿಗೆಯ ಬಣ್ಣದ ಪಟ್ಟಿ ಬರೆದರೆ ಕೊಳೆ ಕಾಣುವುದಿಲ್ಲ, ಚಿತ್ರಕ್ಕೂ ನೆಲಗಟ್ಟು ಕೊಟ್ಟಂತಾಗುತ್ತದೆ.

ಅಕ್ಷರಮಾಲೆ:

ಅನುಮತಿಗಳ ವಿಷಯ. ನಗರದ ಸಾರ್ವಜನಿಕ ಗ್ರಂಥಾಲಯವಾದರೆ ಅದು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರ ಪ್ರಕಾರ ನಗರ ಗ್ರಂಥಾಲಯ ಪ್ರಾಧಿಕಾರದ ಅಡಿ ಬರುತ್ತದೆ, ಬರಹದ ಒಪ್ಪಿಗೆ ಅಲ್ಲಿಂದ ಬೇಕು. ಅದು ಸಿಕ್ಕರೂ ಮಹಾನಗರ ಪಾಲಿಕೆಯ ಲಿಖಿತ ಅನುಮತಿ ಬಿಡುವಂತಿಲ್ಲ. ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಅನುಮತಿ ಇಲ್ಲದೆ ಬರೆಯುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಅಪರಾಧ. ಫುಟ್‌ಪಾತ್ ಮೇಲೆ ಸ್ಕ್ಯಾಫೋಲ್ಡಿಂಗ್ ನಿಲ್ಲಿಸುವುದನ್ನೂ ಅದೇ ಅರ್ಜಿಯಲ್ಲಿ, ದಿನಾಂಕ ಸಮೇತ ಕೇಳಿಕೊಳ್ಳಿ.

ಸಾಲುಗಳ ಪ್ರಶ್ನೆ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11. ಹಾಗಾಗಿ ಅವರ ಬರಹಕ್ಕೆ 2054ರ ಕೊನೆಯವರೆಗೂ ಹಕ್ಕು ಇದೆ. ಸಣ್ಣ ಸಾಲಾದರೂ ಹಕ್ಕುದಾರರನ್ನು ಕೇಳಿ, ಯಾವ ಗೋಡೆ, ಎಷ್ಟು ಸಾಲು, ಎಷ್ಟು ವರ್ಷ ಅನ್ನುವುದನ್ನು ಬರೆದು ಒಪ್ಪಿಗೆ ಪಡೆಯಿರಿ. ಪತ್ರ ಬರೆಯಲು ಮೊದಲ ವಿಳಾಸ ಕುಪ್ಪಳಿಯ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ. (ಇದೇ ಲೆಕ್ಕದಲ್ಲಿ 1963ರಲ್ಲಿ ತೀರಿಕೊಂಡ ತ್ರಿವೇಣಿ ಅವರ ಕಾದಂಬರಿಗಳು 2024ರ ಜನವರಿಯಿಂದ ಮುಕ್ತವಾಗಿವೆ. ಮೈಸೂರಿನಲ್ಲಿ ಇಂಥ ಕೆಲಸಕ್ಕೆ ಯೋಚಿಸುವವರು ಗಮನಿಸಿ.) ಭಾವಚಿತ್ರಕ್ಕೆ ಆಧಾರವಾಗುವ ಫೋಟೊದ ಹಕ್ಕು ಬೇರೆ. 2012ರ ತಿದ್ದುಪಡಿಯವರೆಗೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇತ್ತು, ಈಗ ಫೋಟೊ ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ.

ಕಲಾವಿದರ ಜೊತೆ ಒಪ್ಪಂದವನ್ನೂ ಮರೆಯಬೇಡಿ. ಕೃತಿಯನ್ನು ಮಾರಿದ ಮೇಲೂ ಅದನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಕಲಾವಿದರಿಗೆ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ದಾಸ್ತಾನು ಮಾಡಿದ್ದಕ್ಕೆ 2005ರಲ್ಲಿ ದೆಹಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಗೋಡೆ ಒಡೆಯಬೇಕಾಗಿ ಬಂದರೆ ಏನು, ತೇಪೆ ಬಣ್ಣ ಯಾರು ಹಚ್ಚಬೇಕು, ಎಲ್ಲವನ್ನೂ ಮೊದಲೇ ಬರೆದಿಡಿ.

ಇನ್ನು ಅಕ್ಷರ. ರಸ್ತೆಯ ಆಚೆ ಬದಿಯಿಂದ, ಅಂದರೆ 40 ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಮೂಲಾಕ್ಷರದ ಎತ್ತರ 4 ಇಂಚು ಬೇಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲಿನಿಂದ ಸಾಲಿಗೆ ಅಕ್ಷರದ ಎತ್ತರದ ಎರಡು ಪಟ್ಟು ಬಿಡಿ. ಇಂಗ್ಲಿಷಿನ ಅಂದಾಜಿನಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕೊರೆಯಚ್ಚು ಕತ್ತರಿಸುವುದಾದರೆ ರ, ಠ, ಅ ಇಂಥ ಅಕ್ಷರಗಳ ಒಳಗಿನ ದುಂಡು ತುಂಡು ಉದುರಿಹೋಗುತ್ತದೆ. ಅದಕ್ಕೆ ಕಾಲಿಂಚಿನ ಎರಡು ಸೇತುವೆ ಬಿಟ್ಟು, ಆಮೇಲೆ ಕುಂಚದಲ್ಲಿ ಮುಚ್ಚಿ. ಕಂಪ್ಯೂಟರಿನಿಂದ ವಿನ್ಯಾಸ ತೆಗೆಯುವವರು ಯೂನಿಕೋಡ್ ಫಾಂಟ್ ಬಳಸಿ, ಕತ್ತರಿಸಲು ಕೊಡುವ ಮೊದಲು ಅಕ್ಷರವನ್ನು ಔಟ್‌ಲೈನ್ ಮಾಡಿ. ಕತ್ತರಿಸುವ ಅಂಗಡಿಯ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುವುದು ದಿನನಿತ್ಯದ ಸಂಗತಿ. ಹೊರಡುವ ಮುನ್ನ ಒಬ್ಬರು ಪುಸ್ತಕ ಹಿಡಿದು, ಇನ್ನೊಬ್ಬರು ಗೋಡೆ ನೋಡಿ ಜೋರಾಗಿ ಓದಲಿ. ಅಂಥ ಲೇಖಕರ ಸಾಲಿನಲ್ಲಿ ಕಾಗುಣಿತ ತಪ್ಪಬಾರದು.

ಮಾಳಿಗೆಮನೆ:

ಚಿತ್ರದಲ್ಲಿ ಏನಿರಬೇಕು ಎಂಬುದನ್ನು ಯಾರೂ ಮುಟ್ಟಿಲ್ಲ. ‘ಮದುಮಗಳು’ ಒಬ್ಬ ನಾಯಕನ ಕಥೆ ಅಲ್ಲ. ಮಧ್ಯದಲ್ಲಿ ಎಂಟಡಿಯ ಮುಖ, ಸುತ್ತ ನಾಲ್ಕು ಮರ ಬರೆದರೆ ಅದು ಯಾವ ಕವಿಗೂ ಹೊಂದುವ ಚಿತ್ರವಾಗುತ್ತದೆ. ನಿಮ್ಮ ಗೋಡೆ ಉದ್ದವಾದದ್ದು, ಜನ ಅದರ ಪಕ್ಕ ನಡೆದುಹೋಗುತ್ತಾರೆ. ಕಾದಂಬರಿಯೂ ನಡಿಗೆಯದ್ದೇ. ಸಿಂಬಾವಿಯ ನಾಯಿಗುತ್ತಿ, ಅವನ ಹಿಂದೆ ಮುಂದೆ ಅವನ ನಾಯಿ ‘ಹುಲಿಯ’, ಹುಲಿಕಲ್ಲು ನೆತ್ತಿಯ ದಾರಿ. ಆ ದಾರಿಯನ್ನೇ 40 ಅಡಿಗೂ ಎಳೆಯಿರಿ, ಉಳಿದವರು ದಾರಿಯಲ್ಲಿ ಸಿಗಲಿ. ಪಾದ್ರಿ ಜೀವರತ್ನಯ್ಯನ ‘ಬೀಸೇಕಲ್ಲು’, ಅಂದರೆ ಬೈಸಿಕಲ್ಲು, ಮಕ್ಕಳು ನಿಂತು ನೋಡುವ ಜಾಗವಾಗುತ್ತದೆ. ಲೇಖಕರ ಮುಖ ಬೇಕೇ ಬೇಕಾದರೆ ದಾರಿಯ ಕೊನೆಯಲ್ಲಿ ಎರಡಡಿಯಷ್ಟು ಸಾಕು.

ಕಥೆ ನಡೆಯುವುದು 19ನೇ ಶತಮಾನದ ಕೊನೆಯಲ್ಲಿ. ಈಗಿನ ಮಲೆನಾಡಿನ ಫೋಟೊ ಇಟ್ಟುಕೊಂಡು ಬರೆದರೆ ಮೊದಲ ತಪ್ಪು ಅಕೇಶಿಯಾ. ಆ ನೆಡುತೋಪುಗಳು ಬಂದದ್ದು ಬಹಳ ಆಮೇಲೆ. ಹೊನ್ನೆ, ನಂದಿ, ಹಲಸು, ಬೈನೆ, ಬಿದಿರುಮೆಳೆ ಬರೆಯಿರಿ. ತಂತಿ ಕಂಬ ಬೇಡ, ಬಡವರ ಬಿಡಾರಕ್ಕೆ ಹೆಂಚು ಬೇಡ, ಹುಲ್ಲು ಅಥವಾ ಸೋಗೆ ಇರಲಿ. ಮಳೆಯಲ್ಲಿ ನಡೆಯುವ ಗಂಡಸಿಗೆ ಕಂಬಳಿ ಕೊಪ್ಪೆ, ನೆಟ್ಟಿ ಮಾಡುವ ಹೆಂಗಸರಿಗೆ ಬೆನ್ನು ಮುಚ್ಚುವ ಗೊರಬು. ಕೊಡೆ ಎಲ್ಲರ ಕೈಯಲ್ಲೂ ಬೇಡ. ತಲೆಗೆ ಅಡಕೆ ಹಾಳೆಯ ಟೊಪ್ಪಿ.

‘ಕಾನೂರು ಹೆಗ್ಗಡಿತಿ’ ಭಾಗಕ್ಕೆ 1999ರ ಚಲನಚಿತ್ರದ ಸ್ಟಿಲ್ ನೋಡಿ ಬರೆಯುವುದು ಬೇಡ. ಅದರ ಹಕ್ಕು ಬೇರೆಯವರದ್ದು, ಮುಖವೂ ನಟನಟಿಯರದ್ದು. ಕುಪ್ಪಳಿಯ ಕವಿಮನೆಗೆ ಕಲಾವಿದರನ್ನು ಒಂದು ದಿನ ಕರೆದೊಯ್ದು ಕಂಬ, ಜಗಲಿ, ಅಂಗಳ, ಬಾಣಂತಿ ಕೋಣೆ, ಹಳೇ ಪಾತ್ರೆ ಪರಡಿ ಎಲ್ಲ ಅಳತೆ ಸಮೇತ ಗೀಚಿಕೊಂಡು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಕವಿಶೈಲವನ್ನೂ ನೋಡಿ ಬನ್ನಿ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರು ಅಲ್ಲಿ ನಿಲ್ಲಿಸಿದ ಬೃಹತ್ ಕಲ್ಲುಗಳಲ್ಲಿ ಒಂದು ಮುಖವೂ ಇಲ್ಲ, ಆದರೂ ಅದು ಯಾರ ಜಾಗ ಎಂದು ಯಾರೂ ಕೇಳುವುದಿಲ್ಲ.

ಎರಕ:

ಪ್ರತಿಮೆಯ ಬಗ್ಗೆ. ಸರ್ಕಲ್ ಆಗುವುದಿಲ್ಲ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆಬದಿ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಗ್ರಂಥಾಲಯದ ಆವರಣದ ಒಳಗೆ, ಮಾಲೀಕತ್ವ ಇರುವವರ ಒಪ್ಪಿಗೆಯಿಂದ, ಎದೆಮಟ್ಟದ ಪ್ರತಿಮೆಗೆ ಯೋಚಿಸಬಹುದು.

ಕಂಚಿನಲ್ಲಿ ಮಾಡಿಸುವುದಾದರೆ ಪ್ರತಿಮೆಯ ಲೋಹದ ದಪ್ಪ 5ರಿಂದ 6 ಮಿಮೀ ಇರಲಿ ಎಂದು ಕರಾರಿನಲ್ಲಿ ಬರೆಸಿ. ಲೋಹ ಆರುವಾಗ ಶೇ 1.5ರಿಂದ 2ರಷ್ಟು ಕುಗ್ಗುವುದರಿಂದ ಮಣ್ಣಿನ ಮಾದರಿ ಅಷ್ಟು ದೊಡ್ಡದಿರಬೇಕು. ಒಳಗಿನ ಕಬ್ಬಿಣದ ಸರಳು ಪೂರ್ತಿ ತೆಗೆಸಿ, ಪೀಠಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿ. ಕಂಚಿಗೆ ತಾಗಿದ ಕಬ್ಬಿಣ ಒದ್ದೆಯಲ್ಲಿ ಬೇಗ ತುಕ್ಕು ತಿಂದು ಪೀಠವನ್ನೇ ಸೀಳುತ್ತದೆ. ಬುಡದಲ್ಲಿ ನೀರು ಇಳಿಯಲು ಒಂದು ತೂತು ಬೇಕು. ಕಂಚಿನ ಬಣ್ಣ ಬಳಿದ ಫೈಬರ್ ಅಗ್ಗ, ಆದರೆ ಬಿಸಿಲಿಗೆ ಮೇಲ್ಪದರ ಸೀಳುತ್ತದೆ.

ಬೇರೆ ಬೇರೆ ವಸ್ತು ಕೂಡಿಸಿ ಮಾಡಲು ಯಾರಾದರೂ ಹೇಳಿದರೆ ಐರ್ಲೆಂಡಿನ ಡಬ್ಲಿನ್ ನೆನಪಿಡಿ. ಅಲ್ಲಿನ ಮೆರಿಯನ್ ಚೌಕದಲ್ಲಿ 1997ರಲ್ಲಿ ಡ್ಯಾನಿ ಆಸ್ಬೋರ್ನ್ ಮಾಡಿದ ಲೇಖಕ ಆಸ್ಕರ್ ವೈಲ್ಡ್ ಪ್ರತಿಮೆಗೆ ಮೈಯೆಲ್ಲ ಬಣ್ಣಬಣ್ಣದ ಕಲ್ಲು, ತಲೆ ಮಾತ್ರ ಪಿಂಗಾಣಿ. ಕಲ್ಲು ನಿಂತಿತು, ಪಿಂಗಾಣಿ ಬಿರುಕು ಬಿಟ್ಟಿತು. ಕೊನೆಗೆ ತಲೆಯನ್ನು ಬಿಳಿ ಜೇಡ್ ಕಲ್ಲಿನಲ್ಲಿ ಕೆತ್ತಿ ಬದಲಿಸಿದರು.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿದೆವು. ಉತ್ತರದ ತುದಿಯ 12 ಅಡಿಯಲ್ಲಿ ಹಾಳೆ ತುಂಬ ಹನಿ. ಉಳಿದ 28 ಅಡಿ ಒಣಗಿದೆ. ನೋಡಿದರೆ ಆ 12 ಅಡಿಯ ಹಿಂದೆ ತೋಟದ ಮಣ್ಣು ಮೂರಡಿ ಎತ್ತರಕ್ಕೆ ಗೋಡೆಗೇ ಒರಗಿದೆ. ನೀರು ತಡೆಯುವ ಬಣ್ಣ ಮುಂದಿನಿಂದ ಎರಡು ಕೋಟ್ ಹೊಡೆದರೆ ಆಗದೇ?

ಸುಣ್ಣಗಾರೆ:

ಆಗದು. ಹಿಂದಿನಿಂದ ಬರುವ ನೀರನ್ನು ಮುಂದಿನ ಪದರ ತಡೆಯಲಾರದು. ನೀರು ಆ ಪದರವನ್ನೇ ತಳ್ಳಿ ಗುಳ್ಳೆ ಮಾಡುತ್ತದೆ. ಇಲ್ಲವೇ ಪಕ್ಕಕ್ಕೆ ಹರಿದು ಒಣಗಿದ 28 ಅಡಿಯನ್ನೂ ಕೆಡಿಸುತ್ತದೆ.

ಮಣ್ಣನ್ನು ಗೋಡೆಯಿಂದ ಒಂದಡಿ ಹಿಂದಕ್ಕೆ ಸರಿಸಿ, ಬುಡದವರೆಗೆ ತೋಡಿ. ಗೋಡೆಯ ಹಿಂಬದಿಗೆ ನೀರುನಿರೋಧಕ ಲೇಪ ಎರಡು ಕೋಟ್ ಅಲ್ಲಿ ಹಾಕಿ, ಅಲ್ಲಿಯೇ ಅದರ ಜಾಗ. ತೋಡಿದ ಕಂದಕದ ತಳದಲ್ಲಿ 4 ಇಂಚಿನ ತೂತಿನ ಪಿವಿಸಿ ಪೈಪ್, ಅದಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, 100 ಅಡಿಗೆ 1 ಅಡಿ ಇಳಿಜಾರಿನಲ್ಲಿ ಚರಂಡಿಯ ಕಡೆಗೆ. ಮೇಲೆ 40 ಮಿಮೀ ಜಲ್ಲಿ ತುಂಬಿ. ಬಟ್ಟೆ ಇಲ್ಲದಿದ್ದರೆ ನಮ್ಮ ಜೇಡಿಮಣ್ಣು ಎರಡೇ ಮಳೆಗಾಲದಲ್ಲಿ ತೂತು ಮುಚ್ಚಿಬಿಡುತ್ತದೆ. ಗೋಡೆಗೆ 4 ಅಡಿಗೊಂದರಂತೆ 2 ಇಂಚಿನ ಪೈಪಿನ ಸೋರುಕಿಂಡಿ ಕೊರೆಸಿ, ಹೊರಗಿನ ಬದಿಗೆ ಸ್ವಲ್ಪ ತಗ್ಗು. ಕುಂಚಕಾವಿ ಹೇಳಿದ ಜಂಬಿಟ್ಟಿಗೆ ಪಟ್ಟಿಯ ಒಳಗೇ ಕಿಂಡಿಗಳು ಬಂದರೆ ಚಿತ್ರಕ್ಕೆ ತೊಂದರೆ ಇಲ್ಲ.

ಇದು ಮುಗಿದ ಮೇಲೆ ಪ್ರತಿ ವಾರ ಹಾಳೆ ಪರೀಕ್ಷೆ ಮಾಡಿ. ಜನವರಿ ಕೊನೆಗೂ ಹನಿ ಬರುತ್ತಿದ್ದರೆ ಆ 12 ಅಡಿಗೆ ಬಣ್ಣದ ಆಸೆ ಬಿಡಿ. ಗೋಡೆಯಿಂದ 1 ಇಂಚು ಬಿಟ್ಟು ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕಟ್ಟು ಕಟ್ಟಿಸಿ, ಅದರ ಮೇಲೆ ಹೊರಾಂಗಣದ ಸಿಮೆಂಟ್ ಫೈಬರ್ ಬೋರ್ಡ್ ಕೂರಿಸಿ, ಚಿತ್ರ ಬೋರ್ಡಿನ ಮೇಲೆ. ಮೇಲೂ ಕೆಳಗೂ ಗಾಳಿ ಆಡುವಂತೆ ತೆರೆದಿಡಿ. ಬೋರ್ಡಿನ ಹಿಂಬದಿಗೂ ಅಂಚಿಗೂ ಪ್ರೈಮರ್ ಕೊಡದಿದ್ದರೆ ಅದು ಬಾಗುತ್ತದೆ.

ಕುಂಚಕಾವಿ:

ಮೇಲಿನದಕ್ಕೆ ಒಂದು ಪರ್ಯಾಯ ಸೇರಿಸುತ್ತೇನೆ: ಕಾವಿ ಕಲೆ. ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಎಳೆದು, ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಅಡಿಯ ಬಿಳಿ ಗೆರೆಯಾಗಿ ಕಾಣುತ್ತದೆ. ಬಣ್ಣ ಗಾರೆಯ ಒಳಗೇ ಇರುವುದರಿಂದ ಹಪ್ಪಳ ಏಳುವ ಮಾತಿಲ್ಲ, ಗೋಡೆ ಉಸಿರಾಡುತ್ತದೆ. ಆದರೆ ಎರಡೇ ಬಣ್ಣ, ಮತ್ತು ಹಳೇ ಸಿಮೆಂಟ್ ಗಾರೆ ಪೂರ್ತಿ ಕಿತ್ತು ಸುಣ್ಣದ ಗಾರೆ ಹಾಕಬೇಕು, ಅದನ್ನು ಬಲ್ಲ ಕೈ ಬೇಕು. ‘ಕಾನೂರು’ ಭಾಗವನ್ನು ಆ 12 ಅಡಿಯಲ್ಲಿ ಹೀಗೆ ಮಾಡಿಸಿದರೆ ಎಷ್ಟು ಚಂದ ಬಂದೀತು! ಉಪ್ಪು ಬಿಡುವುದು ನಿಂತಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ.

ಉಳಿದ 28 ಅಡಿಗೆ, ಚಿತ್ರ ಮುಗಿದು 10 ದಿನ ಆರಿದ ಮೇಲೆ ನೀರು ಆಧಾರಿತ (ವಾಟರ್ ಬೇಸ್ಡ್) ಮ್ಯಾಟ್ ಕ್ಲಿಯರ್ ಕೋಟ್, ತೆಳ್ಳಗೆ ಎರಡು ಬಾರಿ, ಸುಮಾರು 6 ಲೀಟರ್. ಹೊಳಪಿನದ್ದು ಬೇಡ, ಸಂಜೆ ಬಿಸಿಲಿಗೆ ಕನ್ನಡಿಯಾಗಿ ಚಿತ್ರವೇ ಕಾಣುವುದಿಲ್ಲ. ಮೋಡ ಮುಸುಕಿದ ದಿನ ಹಚ್ಚಿದರೆ ತೇವ ಸಿಕ್ಕಿಕೊಂಡು ಹಾಲಿನಂತೆ ಮಬ್ಬಾಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಪಾನಿನ ಉಗುಳನ್ನು ಅದೇ ದಿನ ಸೋಪಿನ ನೀರಿನಲ್ಲಿ ಮೆತ್ತಗಿನ ಸ್ಪಂಜಿನಿಂದ ತೆಗೆಸಿ. ಪೋಸ್ಟರ್ ಹಚ್ಚಿದರೆ ಕೀಳಬೇಡಿ, ನೆನೆಸಿ ಬಿಡಿಸಿ.

ಪ್ರತಿ ಬಣ್ಣದಿಂದ 200 ಮಿಲಿ ಗಾಳಿಯಾಡದ ಡಬ್ಬಿಯಲ್ಲಿ ಗ್ರಂಥಾಲಯದಲ್ಲೇ ಇರಲಿ. ಮುಚ್ಚಳದ ಮೇಲೆ ಸಂಕೇತ, ಅಂಗಡಿಯ ಮಿಶ್ರಣದ ಚೀಟಿ, ಗೋಡೆಯ ಯಾವ ಚೌಕದಲ್ಲಿ ಬಳಸಿದ್ದು ಎಂಬ ನಂಬರು. ಒಂದಡಿ ಚೌಕದ ಮೂಲಹಾಳೆಯನ್ನೂ ಜೊತೆಗಿಡಿ. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಅದನ್ನು ಹಿಡಿದು ಚೌಕ ಚೌಕವಾಗಿ ನೋಡುತ್ತ ಬಂದರೆ ಎಲ್ಲಿ ತೇಪೆ ಬೇಕು ಎಂಬುದು ಒಂದು ಬೆಳಿಗ್ಗೆಯಲ್ಲಿ ಗೊತ್ತಾಗುತ್ತದೆ.